ಮಗುಚಿಟ್ಟ ತಣಿಗೆ

ನಮ್ಮ ಮನೆಯಲ್ಲಿ ಬೈಗುಳಕ್ಕೆ ಬರವಿರಲಿಲ್ಲ. ಬೆಳಗ್ಗೆ ಕೊಟ್ಟಿಗೆಯ ಎಮ್ಮೆಯಿಂದ ಶುರುವಾದರೆ ದೀಪ ಹಚ್ಚುವ ಹೊತ್ತಿಗೆ ಮನೆಯ ಎಲ್ಲರಿಗೂ ಅವರವರ ಪಾಲು ಸಂದಿರುತ್ತಿತ್ತು. ನಮ್ಮಜ್ಜಿಯ ಬಾಯಿ ಅಂಥದ್ದು. ಬೈಸಿಕೊಂಡವರು ಮೈ ಕೊಡವಿಕೊಂಡು ಹೋಗಿ, ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಬೈದವಳೇ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು. ಆದರೆ ಒಂದು ಮಾತು ಈ ಬೈಗುಳಗಳ ಸಾಲಿಗೆ ಸೇರಿದ್ದಲ್ಲ. ಅದನ್ನು ಅಜ್ಜಿ ಕೂಗಿ ಹೇಳುತ್ತಿರಲಿಲ್ಲ, ದನಿ ತಗ್ಗಿಸಿ ಹೇಳುತ್ತಿದ್ದಳು. 'ಎರಡು ಬಗೆಯುವುದು' ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನಂಬಿದವರಿಗೆ ದ್ರೋಹ ಮಾಡುವುದು ಎಂದು ಅರ್ಥವನ್ನೂ ಕೊಡುತ್ತಾರೆ. ಅರ್ಥವೇನೋ ಸರಿ. ಆದರೆ ನಮ್ಮ ಮನೆಯಲ್ಲಿ ಆ ಮಾತಿಗಿದ್ದ ಭಾರ ಆ ಅರ್ಥದಲ್ಲಿ ಎಲ್ಲಿದೆ? ಇಷ್ಟು ಕಾಲ ಬದುಕಿದ್ದೇನೆ, ಬೇಕಾದಷ್ಟು ಜನರ ಕೈಯಲ್ಲಿ ಮೋಸವನ್ನೂ ಹೋಗಿದ್ದೇನೆ. ದೊಡ್ಡವಳಾದ ಮೇಲೆ ಒಬ್ಬರ ಮೇಲೂ ನಾನು ಆ ಮಾತನ್ನು ಆಡಿಲ್ಲ. ಆಡಲು ಹೆದರಿಕೆ, ಅಷ್ಟೇ.

ಚಿಕ್ಕವಳಿದ್ದಾಗ ಒಮ್ಮೆ ಆಡಿದ್ದೆ. ಪಕ್ಕದ ಮನೆಯ ಹುಡುಗಿ ನನ್ನ ಹುಣಸೆ ಬೀಜಗಳನ್ನು ಮಡಿಲಿಗೆ ಹಾಕಿಕೊಂಡು ಓಡಿದ್ದಳು. ನಾನು ಜಗಲಿಯ ಮೇಲೆ ನಿಂತು, ಅಜ್ಜಿಯ ಧಾಟಿಯಲ್ಲೇ, "ಎಲ್ಡು ಬಗುದ್ಲು ಕಣಜ್ಜಿ ಅವ್ಳು" ಎಂದೆ. ರಾಗಿ ಕೇರುತ್ತಿದ್ದ ಅಜ್ಜಿ ಮೊರವನ್ನು ಕೆಳಗಿಟ್ಟಳು. ಹೊಡೆಯಲಿಲ್ಲ. ನನ್ನನ್ನು ಎಳೆದು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡಳು.

"ಕದ್ದೋಳು ಕಳ್ಳಿ. ಸುಳ್ಳಾಡ್ದೋಳು ಸುಳ್ಳಿ. ವಡಿಯಾಕ್ ಬಂದೋನು ಹಗೆ. ಅವ್ರೆಲ್ಲ ಆಚ್ಗಡೆ ಇರೋರು ಕಣವ್ವ. ಎಲ್ಡು ಬಗೀಬೇಕಾದ್ರೆ ಒಳೀಕ್ ಬಂದಿರ್ಬೇಕು. ನಮ್ಮಟ್ಟೀಲಿ ಕುಂತು ಇಟ್ಟು ಉಂಡಿರ್ಬೇಕು. ಉಣ್ದೇ ಇರೋನು ಏನ್ ಮಾಡುದ್ರೂವೆ ಅವ್ನಿಗೆ ಆ ಮಾತಿಲ್ಲ."

"ಉಂಡೋನು ಮಾಡುದ್ರೆ?"

"ಅವನ ತಣ್ಗೆ ಮಗುಚ್ತೀನಿ."

ಅಟ್ಟಿ ಎಂದರೆ ಮನೆ, ಇಟ್ಟು ಎಂದರೆ ರಾಗಿಮುದ್ದೆ, ತಣಿಗೆ ಎಂದರೆ ಊಟದ ತಟ್ಟೆ. ಅಡುಗೆಮನೆಯ ಗೋಡೆಗೆ ಒಂದು ಉದ್ದನೆಯ ಹಲಗೆ. ಅದರ ಮೇಲೆ ನಮ್ಮೆಲ್ಲರ ಕಂಚಿನ ತಣಿಗೆಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ಅಪ್ಪನದು ದೊಡ್ಡದು, ಅಂಚು ಸೀಳಿದ್ದು ಅವ್ವನದು, ಅಪ್ಪನ ತಮ್ಮ ನಮ್ಮ ಚಿಕ್ಕಪ್ಪನದು ನಡುವೆ ಉಬ್ಬಿಕೊಂಡಿದ್ದು. ಅಜ್ಜಿಯದು ಎಲ್ಲಕ್ಕಿಂತ ಹಳೆಯದು, ತವರಿಂದ ಬಂದದ್ದು, ಒಂದು ಗೀರೂ ಇಲ್ಲದ್ದು. ಹಲಗೆಯ ಕೊನೆಯಲ್ಲಿ, ಮೂಲೆಗೆ, ಇನ್ನೊಂದು ಇತ್ತು. ಅದು ಮಾತ್ರ ಬೋರಲಾಗಿ ಮಲಗಿತ್ತು, ಬೆನ್ನ ತುಂಬ ಮಸಿ. ನಾನು ಹುಟ್ಟುವ ಮೊದಲಿನಿಂದಲೂ ಹಾಗೇ ಇತ್ತಂತೆ. ಅದು ತಾತನ ತಮ್ಮನದು. ಅವನು ಏನು ಮಾಡಿದ್ದ ಎಂದು ಯಾರೂ ಹೇಳಲಿಲ್ಲ, ಅವನ ಹೆಸರನ್ನು ಕೂಡ ನಾನು ಆ ಮನೆಯಲ್ಲಿ ಕೇಳಲಿಲ್ಲ. ಮದ್ದೂರಿನಲ್ಲಿ ಯಾವುದೋ ಛತ್ರದಲ್ಲಿ ಸತ್ತನೆಂದು ಸುದ್ದಿ ಬಂದ ದಿನ ಅಜ್ಜಿ ಒಲೆ ಮುಂದಿನಿಂದ ಏಳಲಿಲ್ಲ, ಅಪ್ಪ ಗಾಡಿ ಕಟ್ಟಲಿಲ್ಲ. ಮಗುಚಿಟ್ಟ ತಣಿಗೆಯನ್ನು ಮಗುಚಿದವರೇ ಎತ್ತಬೇಕು, ಬೇರೆಯವರು ಮುಟ್ಟುವಂತಿಲ್ಲ. ಮಗುಚಿದ್ದ ತಾತ ಆಗಲೇ ಸತ್ತಿದ್ದ. ಹೀಗಾಗಿ ಅದು ಎಂದೆಂದಿಗೂ ಹಾಗೇ ಇರುವ ವಸ್ತುವಾಗಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ನಾನು ಆ ಮೂಲೆಯ ಕಡೆ ನೋಡುತ್ತಿರಲಿಲ್ಲ. ಅದರ ಅಡಿಯಲ್ಲಿ ಏನೋ ಉಸಿರಾಡುತ್ತಿದೆ ಅನ್ನಿಸುತ್ತಿತ್ತು.

ಮನೆಯ ಹೊರಗೂ ಒಂದು ತಣಿಗೆಯಿತ್ತು. ಜಗಲಿಯ ಗೋಡೆಯಲ್ಲಿ ದೀಪದ ಗೂಡಿನ ಪಕ್ಕ ಇನ್ನೊಂದು ಗೂಡು. ಅದರಲ್ಲಿ ಕಲಾಯಿ ಹಾಕಿದ ಒಂದು ಹಿತ್ತಾಳೆ ತಣಿಗೆ. ಅದು ಕಲಾಯಿ ಸಾಬಣ್ಣನವರದು. ಮಳವಳ್ಳಿಯ ಸಾಬರ ಬೀದಿಯವರು. ಸುಗ್ಗಿ ಮುಗಿದ ಮೇಲೆ ಒಮ್ಮೆ, ಗೌರಿಹಬ್ಬದ ಮುಂದೆ ಒಮ್ಮೆ ಗಾಳಿಯೊತ್ತುವ ತಿದಿಯನ್ನೂ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ನಮ್ಮ ಕುರಿ ಕೊಟ್ಟಿಗೆಯ ಪಕ್ಕದ ಮಾಡಿನಡಿ ಗುಂಡಿ ತೋಡಿ ಇದ್ದಲು ಹೊತ್ತಿಸಿದರೆ ಊರಿನ ಹಿತ್ತಾಳೆ, ತಾಮ್ರವೆಲ್ಲ ಅಲ್ಲಿಗೆ ಬರುತ್ತಿತ್ತು. ಪಾತ್ರೆಯನ್ನು ಕಾಯಿಸಿ ನವಸಾಗರದ ಪುಡಿ ಎರಚಿದರೆ ಬೆಳ್ಳನೆಯ ಹೊಗೆ ಬುಗ್ಗೆಂದು ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯ ಬಣ್ಣ. "ನೋಡ್ಕೊ ಮಗ, ನಿನ್ ಮೊಕ" ಎಂದು ಮೊದಲು ನನಗೆ ತೋರಿಸುತ್ತಿದ್ದರು. ಕೆಲಸ ನಡೆಯುವ ದಿನಗಳಲ್ಲಿ ಅವರ ಊಟ ನಮ್ಮಲ್ಲೇ. ಅವರ ತಣಿಗೆ ಒಳಗಿನ ಹಲಗೆಗೆ ಬರುವಂತಿರಲಿಲ್ಲ, ಅವರೂ ಜಗಲಿ ದಾಟಿ ಒಳಗೆ ಬರುವಂತಿರಲಿಲ್ಲ. ಆ ಕಾಲ ಹಾಗಿತ್ತು, ನಾವೂ ಹಾಗಿದ್ದೆವು. ಉಂಡ ಮೇಲೆ ತಣಿಗೆಯನ್ನು ಅವರೇ ಬೂದಿ ಹಾಕಿ ಉಜ್ಜಿ ಗೂಡಿನಲ್ಲಿ ಇಡುತ್ತಿದ್ದರು. ಆದರೆ ಬಡಿಸುವುದು ಅಜ್ಜಿಯೇ. ಅವಳು ಬಡಿಸಿದ ಅನ್ನ ಗೂಡಿನ ತಣಿಗೆಯಲ್ಲಿ ಬಿದ್ದರೂ ಹಲಗೆಯ ತಣಿಗೆಯಲ್ಲಿ ಬಿದ್ದರೂ ಉಂಡದ್ದು ಉಂಡದ್ದೇ. ಆ ಲೆಕ್ಕದಲ್ಲಿ ಅವಳು ಭೇದ ಮಾಡುತ್ತಿರಲಿಲ್ಲ.

ಕೆಡುಕು ಮೊದಲಾದದ್ದು ಒಂದು ಟಗರಿನಿಂದ. ನಮ್ಮ ಚಿಕ್ಕಪ್ಪನಿಗೆ ಆಗ ಇನ್ನೂ ಮದುವೆಯಾಗಿರಲಿಲ್ಲ. ಬಂಡೂರಿನಿಂದ ಒಂದು ಮರಿಯನ್ನು ಹೆಗಲ ಮೇಲೆ ಹೊತ್ತು ತಂದು, ಅದಕ್ಕೆ ಕುಳ್ಳಪ್ಪ ಎಂದು ಹೆಸರಿಟ್ಟು, ಹುರುಳಿ ಬೇಯಿಸಿ ತನ್ನ ಕೈಯಿಂದಲೇ ತಿನ್ನಿಸಿ ಸಾಕಿದ್ದ. ಬಂಡೂರು ಕುರಿಯ ಚಂದ ನೋಡಿದವರಿಗೇ ಗೊತ್ತು: ಗಿಡ್ಡ ಕಾಲು, ಅಗಲ ಬೆನ್ನು, ನಡೆದರೆ ಗೌಡರು ನಡೆದಂತೆ. ಚಿಕ್ಕಪ್ಪ ಜಗಲಿಯ ಮೇಲೆ ಮಲಗಿದರೆ ಅದು ಅವನ ಕಾಲ ದೆಸೆಯಲ್ಲಿ ಮಲಗುತ್ತಿತ್ತು. ಅದೇ ವರ್ಷ ನಮ್ಮತ್ತೆಯನ್ನು, ಎಂದರೆ ಅಪ್ಪನ ತಂಗಿಯನ್ನು, ಸೋಮನಹಳ್ಳಿಗೆ ಕೊಟ್ಟರು. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕಬೇಕು; ಬೀಗರ ಊಟದಲ್ಲಿ ಮರ್ಯಾದೆ ಹೋದರೆ ಮದುವೆಯಲ್ಲಿ ಬಂದ ಮರ್ಯಾದೆಯೂ ಹೋದಂತೆ. ತಂದ ಕುರಿಗಳು ಸಾಲದೆ ಬಂದವು. ಚಿಕ್ಕಪ್ಪ ಎಲೆ ಅಡಿಕೆ ತರಲು ಮದ್ದೂರಿಗೆ ಹೋಗಿದ್ದ. ಅವನನ್ನು ಕೇಳದೆ ಅಪ್ಪ ಕುಳ್ಳಪ್ಪನನ್ನು ಕುಯ್ಯಿಸಿದ.

ಚಿಕ್ಕಪ್ಪ ಬಂದಾಗ ಪಂಕ್ತಿ ಕೂತಿತ್ತು. ಅವನು ಮೊದಲು ಕೊಟ್ಟಿಗೆಗೆ ಹೋದ, ಆಮೇಲೆ ಒಲೆಗಳ ಹತ್ತಿರ ಬಂದು ಅಲ್ಲಿ ಬಿದ್ದಿದ್ದ ಚರ್ಮವನ್ನು ನೋಡಿದ. ಎಲೆ ಅಡಿಕೆಯ ಗಂಟನ್ನು ಅಪ್ಪನ ಕಾಲ ಹತ್ತಿರ ಇಟ್ಟ.

"ಕೇಳ್ಬೋದಾಗಿತ್ತಲ್ಲಣ್ಣ."

"ಬೀಗ್ರ ಮುಂದೆ ಏನ್ಲಾ ನಿಂದು? ಮನೆ ಟಗರು ಮನೆ ಕಾರ್ಯಕ್ಕಾಯ್ತು."

ಚಿಕ್ಕಪ್ಪ ಆವತ್ತು ಉಣ್ಣಲಿಲ್ಲ. ಮಾರನೆಯ ದಿನವೂ ಉಣ್ಣಲಿಲ್ಲ. ಗೇಯುತ್ತಿದ್ದ, ಮಾತಾಡುತ್ತಿದ್ದ, ಆದರೆ ಅವನ ತಣಿಗೆ ಹಲಗೆಯಿಂದ ಇಳಿಯಲಿಲ್ಲ. ಹೊಲದಲ್ಲಿ ಯಾರದೋ ಬುತ್ತಿಯಲ್ಲಿ ಪಾಲು, ಇಲ್ಲದಿದ್ದರೆ ಯಾವುದಾದರೂ ಗಾಡಿ ಹತ್ತಿ ಮದ್ದೂರಿನ ಹೋಟೆಲು. ಅವ್ವ ಕರೆದಳು, ಅಜ್ಜಿ ಬೈದಳು, ಅಪ್ಪ ಮಾತ್ರ ಒಂದು ಸಲವೂ ಕರೆಯಲಿಲ್ಲ. ಅಪ್ಪ ಒಳ್ಳೆಯವನು, ಆದರೆ ತಾನು ತಪ್ಪಿದ್ದೇನೆ ಎಂದು ಗೊತ್ತಾದಾಗ ಅವನಿಗೆ ಇನ್ನಷ್ಟು ಬಿಗುಮಾನ ಬರುತ್ತಿತ್ತು.

ಅದು ಯುದ್ಧದ ಕಾಲ. ಯುದ್ಧ ಎಲ್ಲಿ ನಡೆಯುತ್ತಿದೆ ಎಂದು ನಮಗೆ ಗೊತ್ತಿರಲಿಲ್ಲ, ಆದರೆ ಲೆವಿ ಎಂದರೆ ಗೊತ್ತಿತ್ತು. ಬೆಳೆದ ರಾಗಿ, ಭತ್ತದಲ್ಲಿ ಸರ್ಕಾರಕ್ಕೆ ಇಷ್ಟು ಎಂದು ಅಳೆದುಕೊಂಡು ಹೋಗುತ್ತಿದ್ದರು. ಅಳೆದು ಉಳಿದದ್ದರಲ್ಲಿ ಮುಂದಿನ ಸುಗ್ಗಿಯವರೆಗೆ ಮನೆ ನಡೆಯುತ್ತಿರಲಿಲ್ಲ. ಎಲ್ಲರೂ ಮುಚ್ಚಿಡುತ್ತಿದ್ದರು, ನಾವೂ ಮುಚ್ಚಿಟ್ಟೆವು. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ತುಂಬುವುದು ರೂಢಿ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಅಗಲ. ಹುಲ್ಲು ಹಾಸಿ, ರಾಗಿ ಸುರಿದು, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಹುಷಾರಾಗಿರಬೇಕು. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯಬಾರದು. ಅಂಗಳದಲ್ಲಿದ್ದ ನಮ್ಮ ಹಳೆಯ ಹಗೇವು ಊರಿಗೆಲ್ಲ ಗೊತ್ತಿದ್ದದ್ದು. ಆ ವರ್ಷ ಅಪ್ಪ ಕುರಿ ಕೊಟ್ಟಿಗೆಯ ಒಳಗೇ ಹೊಸದೊಂದನ್ನು ತೋಡಿಸಿದ. ಮೇಲೆ ಗೊಬ್ಬರ, ಗೊಬ್ಬರದ ಮೇಲೆ ಕುರಿಗಳು; ಯಾರು ಅನುಮಾನಪಡುತ್ತಾರೆ?

ತೋಡಿದವರು ಅಪ್ಪ, ಚಿಕ್ಕಪ್ಪ ಇಬ್ಬರೇ. ಮುಚ್ಚುವ ದಿನ ಚಿಕ್ಕಪ್ಪ ಬರಲಿಲ್ಲ. ಚಪ್ಪಡಿ ಒಬ್ಬನ ಕೈಯಲ್ಲಿ ಏಳುವಂಥದ್ದಲ್ಲ. ಆಚೆ ಮಾಡಿನಲ್ಲಿ ಸಾಬಣ್ಣ ತಿದಿ ಒತ್ತುತ್ತಿದ್ದರು. ಅಪ್ಪ ಅಜ್ಜಿಯ ಮುಖ ನೋಡಿದ, ಅಜ್ಜಿ ತಲೆಯಾಡಿಸಿದಳು. ಸಾಬಣ್ಣ ಬಂದರು, ಒಳಗಿನ ರಾಗಿಯನ್ನು ಒಮ್ಮೆ ನೋಡಿದರು, ಏನೂ ಕೇಳದೆ ಚಪ್ಪಡಿಯ ಒಂದು ಅಂಚಿಗೆ ಕೈ ಹಾಕಿದರು. ಮಧ್ಯಾಹ್ನ ಅಜ್ಜಿ ಬಡಿಸುವಾಗ ಅವರೇ ಮಾತು ತೆಗೆದರು.

"ಬೇಕಾರೆ ಆಣೆ ಇಕ್ತೀನಿ ದೊಡ್ಡವ್ವ. ಯಾರ್ಗೂ ಅನ್ನಾಕಿಲ್ಲ."

"ಉಣ್ಣಪ್ಪ ಸುಮ್ಕೆ. ಉಣ್ಣೋನ್ಗೆ ಆಣೆ ಯಾಕೆ?"

ಲೆವಿಯವರು ಬಂದದ್ದು ಒಂದು ಬೆಳಗ್ಗೆ, ಅವ್ವ ಬಾಗಿಲಿಗೆ ಸಾರಿಸುತ್ತಿದ್ದಾಗ. ಊರಲ್ಲಿ ಬೇರೆ ಯಾರ ಮನೆಗೂ ಹೋಗಲಿಲ್ಲ. ನಮ್ಮ ಅಟ್ಟ ಹತ್ತಲಿಲ್ಲ, ಅಂಗಳದ ಹಗೇವಿನ ಕಡೆ ತಿರುಗಲಿಲ್ಲ. ನೇರವಾಗಿ ಕೊಟ್ಟಿಗೆಗೆ ನಡೆದರು. ಕುರಿಗಳನ್ನು ಹೊರಗೆ ಅಟ್ಟಿ, ಗೊಬ್ಬರ ಸರಿಸಿ, ಹಾರೆಯಿಂದ ಒಂದು ಕಡೆ ಕುಟ್ಟಿದರು. ಅದು ಚಪ್ಪಡಿಗೇ ತಗುಲಿತು. ಆ ಸದ್ದು ನನಗೆ ಇನ್ನೂ ನೆನಪಿದೆ. ದೀಪ ಇಳಿಬಿಟ್ಟರು, ಅದು ಆರಲಿಲ್ಲ. ರಾಗಿಯನ್ನೆಲ್ಲ ಮೊಗೆದು ಗಾಡಿಗೆ ತುಂಬಿದರು, ಬಿತ್ತನೆಗೆ ಎಂದು ಬೇರೆ ಗಂಟು ಕಟ್ಟಿ ಇಟ್ಟಿದ್ದನ್ನೂ ಬಿಡಲಿಲ್ಲ. ಅಪ್ಪನನ್ನು ಅದೇ ಗಾಡಿಯ ಹಿಂದೆ ಮಳವಳ್ಳಿಗೆ ನಡೆಸಿಕೊಂಡು ಹೋದರು. ಅವನು ಕೆಲವು ದಿನ ಬಿಟ್ಟು ಬಂದಾಗ ತಲೆಯ ಮೇಲೆ ರುಮಾಲು ಇರಲಿಲ್ಲ. ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಗಾಡಿ ಹೋದ ದಿನ ಸಂಜೆ ಚಿಕ್ಕಪ್ಪ ಹೊಲದಿಂದ ಬಂದು, ಕೈಕಾಲು ತೊಳೆದು, ತಾನೇ ಹಲಗೆಯಿಂದ ತಣಿಗೆ ತೆಗೆದುಕೊಂಡು ಒಲೆಯ ಮುಂದೆ ಕೂತ. ಬೀಗರ ಊಟದಿಂದ ಆವತ್ತಿನವರೆಗೆ ಒಂದು ತುತ್ತು ಮುಟ್ಟದವನು.

"ಇಟ್ಟಿಕ್ಕವ್ವ."

ಅಜ್ಜಿಯ ಕೈಯಲ್ಲಿ ಮುದ್ದೆಯಿತ್ತು. ಅದನ್ನು ಅವಳು ಕೂಡಲೇ ಇಡಲಿಲ್ಲ. ಮಗನ ಮುಖ ನೋಡಿದಳು. ಅವನು ತಣಿಗೆ ನೋಡುತ್ತಿದ್ದ. ಮುದ್ದೆಯ ಹಬೆ ಅವಳ ಬೆರಳುಗಳ ನಡುವಿನಿಂದ ಏಳುತ್ತಿತ್ತು, ಸುಡುತ್ತಿರಬೇಕು, ಆದರೂ ಹಿಡಿದೇ ಇದ್ದಳು. ಆಮೇಲೆ ಇಟ್ಟಳು, ಸಾರು ಬಿಟ್ಟಳು, ಒಂದು ಬೈಗುಳವೂ ಇಲ್ಲದೆ. ಅಜ್ಜಿ ಬೈಯದೆ ಬಡಿಸಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವಳು ಜಗಲಿಗೆ ಹೋಗಿ ಗೂಡಿನಲ್ಲಿದ್ದ ಸಾಬಣ್ಣನವರ ತಣಿಗೆಯನ್ನು ಮಗುಚಿಟ್ಟಳು. ಬೀದಿಯಲ್ಲಿ ನಿಂತಿದ್ದ ಹೆಂಗಸರಿಗೆ ಕೇಳುವಂತೆ, ಆದರೆ ಆ ತಗ್ಗಿದ ದನಿಯಲ್ಲೇ, "ಎಲ್ಡು ಬಗ್ದ" ಎಂದಳು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅದನ್ನೇ ಹೇಳುತ್ತಿತ್ತು. ಚಪ್ಪಡಿ ಹಿಡಿದವನು ಅವನೊಬ್ಬನೇ ಹೊರಗಿನವನು, ಇನ್ಯಾರು ಹೇಳುತ್ತಾರೆ? ಅವ್ವ ಮಾತ್ರ ಒಲೆಯ ಮುಂದೆ ಕೂತು ಮೆಲ್ಲಗೆ, "ಆ ಮನ್ಸ ಅಂಥೋನಲ್ಲ ಕಣತ್ತೆ" ಎಂದಳು. ಅಜ್ಜಿ ಅವಳ ಕಡೆ ತಿರುಗಿ ನೋಡಿದ ನೋಟಕ್ಕೆ ಅವ್ವ ತಲೆ ತಗ್ಗಿಸಿ ಒಲೆ ಊದತೊಡಗಿದಳು.

ಸಾಬಣ್ಣನವರಿಗೆ ಇದೇನೂ ಗೊತ್ತಿರಲಿಲ್ಲ. ಗೌರಿಹಬ್ಬದ ಮುಂದೆ ಎಂದಿನಂತೆ ಬಂದರು, ಮಾಡಿನಡಿ ತಿದಿ ಇಳಿಸಿದರು. ಯಾರೂ ಪಾತ್ರೆ ತರಲಿಲ್ಲ. ಸ್ವಲ್ಪ ಹೊತ್ತು ಕಾದು, ಜಗಲಿಯ ಹತ್ತಿರ ಬಂದು ನೀರು ಕೇಳಲು ತಲೆಯೆತ್ತಿದವರಿಗೆ ಗೂಡು ಕಾಣಿಸಿತು. ನಮ್ಮ ಮನೆಯ ಪದ್ಧತಿ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿದ್ದದ್ದೇ. ಅವರು ಬಹಳ ಹೊತ್ತು ನೋಡಿದರು. ನಾನು ಕಂಬದ ಪಕ್ಕ ನಿಂತಿದ್ದೆ. ನನ್ನನ್ನು ಅವರು ನೋಡಲಿಲ್ಲ.

"ದೊಡ್ಡವ್ವ, ನಾನು ಯಾರ್ಗೂ ಯೋಳ್ನಿಲ್ಲ."

ಅಜ್ಜಿ ಒಳಗೆ ರಾಗಿಕಲ್ಲು ಬೀಸುತ್ತಿದ್ದಳು. ಕಲ್ಲಿನ ಸದ್ದು ನಿಲ್ಲಲಿಲ್ಲ.

"ನೀವೇ ಆಣೆ ಬ್ಯಾಡ ಅಂದ್ರಿ" ಎಂದರು ಸಾಬಣ್ಣ. ಕಲ್ಲು ಇನ್ನೂ ಜೋರಾಗಿ ತಿರುಗಿತು. ಅವರು ತಣಿಗೆಯನ್ನು ಮುಟ್ಟಲಿಲ್ಲ. ತಿದಿಯನ್ನು ಹೆಗಲಿಗೆ ಏರಿಸಿ, ಬಂದ ದಾರಿಯಲ್ಲೇ ಹೋದರು. ನನಗೆ ಅಳು ಬಂತು. ಅವರ ಹಿಂದೆ ಓಡಬೇಕು ಅನ್ನಿಸಿತು. ಓಡಿದರೆ ನನ್ನ ತಣಿಗೆಯೂ ಮಗುಚಿಬೀಳುತ್ತದೆ ಎಂಬ ಭಯಕ್ಕೆ ಕಂಬವನ್ನು ತಬ್ಬಿಕೊಂಡೇ ನಿಂತೆ.

ಆಮೇಲೆ ನಮ್ಮೂರಿಗೆ ಬೇರೆ ಕಲಾಯಿಯವರೂ ಬರಲಿಲ್ಲ. ಒಂದು ವರ್ಷ ಹೋಯಿತು, ಇನ್ನೊಂದೂ ಹೋಯಿತು. ಪಾತ್ರೆಗಳ ಒಳಗಿನ ಬಿಳುಪು ಮೊದಲು ಮಾಸಿತು, ಆಮೇಲೆ ಅಲ್ಲಲ್ಲಿ ಹಿತ್ತಾಳೆಯ ಹಳದಿ ಎದ್ದಿತು, ಅದರ ಮೇಲೆ ಹಸಿರು ಚುಕ್ಕೆ. ಕಿಲುಬು. ಅವ್ವ ದಿನವೂ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಇದ್ದಬದ್ದ ಕಲಾಯಿ ಕಿತ್ತು ಬರುತ್ತಿತ್ತು. ಕಿಲುಬಿಗೆ ಹುಳಿ ತಗುಲಿದರೆ ವಿಷ, ಹಾಗಾಗಿ ಹುಳಿ ಏನೇ ಮಾಡಿದರೂ ಮಡಕೆಯಲ್ಲೇ ಮಾಡುತ್ತಿದ್ದಳು. ಬಿಸಿಲು ಕಾಲದ ಒಂದು ದಿನ ಮಡಕೆ ಒಡೆಯಿತು. ಹೊಲಕ್ಕೆ ಬುತ್ತಿ ಕಳಿಸುವ ಅವಸರದಲ್ಲಿ ಹುಳಿಗೊಜ್ಜನ್ನು ಹಿತ್ತಾಳೆಯ ಬೋಗುಣಿಗೆ ಸುರಿದಿಟ್ಟು ಮರೆತಳು. ನನ್ನ ತಮ್ಮ, ಆಗ ಇನ್ನೂ ತೊದಲು ಮಾತಿನವನು, ಮಧ್ಯಾಹ್ನ ಅದನ್ನು ಅನ್ನಕ್ಕೆ ಕಲಸಿಸಿಕೊಂಡು ತಿಂದ. ಸಂಜೆಯೊಳಗೆ ವಾಂತಿ ಶುರುವಾಯಿತು. ಹಸಿರು ನೀರು ಕಕ್ಕುತ್ತಿದ್ದ. ಕಣ್ಣು ಒಳಕ್ಕೆ ಹೋದವು, ಕೈಕಾಲು ತಣ್ಣಗಾದವು. ಅವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಜ್ಜಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಮಜ್ಜಿಗೆಯ ತಿಳಿಯನ್ನು ಬಟ್ಟೆಯ ತುದಿಯಿಂದ ಹನಿ ಹನಿಯಾಗಿ ಬಿಡುತ್ತ, ಗೋಡೆಯ ಮೂಲೆಯಲ್ಲಿ ಬೋರಲು ಮಲಗಿದ್ದ ಆ ಹಳೆಯ ತಣಿಗೆಯನ್ನೇ ನೋಡುತ್ತಿದ್ದಳು. ಹುಡುಗ ಉಳಿದ. ಹೇಗೆ ಉಳಿದನೋ ದೇವರಿಗೇ ಗೊತ್ತು.

ಅವನು ಎದ್ದು ಕೂತು ಗಂಜಿ ಕುಡಿದ ದಿನ ಮಧ್ಯಾಹ್ನ ನಾನು ಕುರಿಗಳಿಗೆ ಸೊಪ್ಪು ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಒಳಗೆ ಅಜ್ಜಿ, ಚಿಕ್ಕಪ್ಪ ಇಬ್ಬರೂ ಇದ್ದರು. ನನ್ನನ್ನು ಅವರು ನೋಡಲಿಲ್ಲ.

"ಮಗ ಉಳ್ಕತಲ್ಲ, ಬುಡವ್ವ" ಎಂದ ಚಿಕ್ಕಪ್ಪ.

"ಉಳ್ಕತು. ಸಾಬಣ್ಣ ಬತ್ತಾ ಇದ್ದಿದ್ರೆ ಇಂಗಾಯ್ತಿರ್ನಿಲ್ಲ. ಅವನ ತಣ್ಗೆ ಯಾಕ್ ಮಗುಚ್ದೆ ಅಂತ ನಿಂಗೊತ್ತಲ್ಲ?"

ಚಿಕ್ಕಪ್ಪ ಕುರಿ ಕಟ್ಟುವ ಗೂಟದ ಪಕ್ಕ ಕುಕ್ಕರಿಸಿದ.

"ಮದ್ದೂರ್ ಓಟ್ಲಲ್ಲಿ ಕುಂತಿದ್ದೆ. ಲೆವಿ ಕಡೆ ಮನ್ಸ ಒಬ್ಬ ಸಿಕ್ದ. ಕುಳ್ಳಪ್ಪನ್ನ ನೆನುಸ್ಕಂಡು ಒಟ್ಟೆ ಉರೀತಿತ್ತು, ಅಂದ್ಬುಟ್ಟೆ. ಆದ್ರೆ ಎಲ್ಡು ಬಗ್ದೆ ಅನ್ಬ್ಯಾಡ ಕಣವ್ವ. ಟಗರು ಕೂದ ದಿನದಿಂದ ಈ ಅಟ್ಟೀಲಿ ನಾನು ಒಂದ್ ತುತ್ತು ಉಂಡಿರ್ನಿಲ್ಲ. ಉಣ್ದೋನ್ಗೆ ಆ ಮಾತಿಲ್ಲ ಅಂತ ನೀನೇ ಅಂತಿದ್ದಲ್ಲ."

"ನೀನು ಉಂಡಿರ್ನಿಲ್ಲ. ಸರಿ. ಅವ್ನು ಯಾರ್ಗೂ ಯೋಳಿರ್ನಿಲ್ಲ. ಅಂಗಾರೆ ಆ ಮಾತು ಯಾರ್ ಮ್ಯಾಲೆ ಓಯ್ತದೆ ಅಂತ ಯೋಚ್ನೆ ಮಾಡಿದ್ದೀಯಾ?"

ನಾನು ಸೊಪ್ಪನ್ನು ಬಾಗಿಲಲ್ಲೇ ಹಾಕಿ ಓಡಿದೆ. ಅಂದಿನಿಂದ ನನಗೆ ಮನೆಯಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು. ನನಗೆ ಗೊತ್ತು, ಅಜ್ಜಿಗೆ ಗೊತ್ತು, ಚಿಕ್ಕಪ್ಪನಿಗೆ ಗೊತ್ತು; ಅಪ್ಪ ಮಾತ್ರ ಬೆಳಗಾದರೆ ಅದೇ ಚಿಕ್ಕಪ್ಪನ ಜೊತೆ ನೊಗದ ಒಂದು ತುದಿ ಹಿಡಿದು ಹೊಲಕ್ಕೆ ಹೋಗುತ್ತಿದ್ದ. ರಾತ್ರಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಹಗೇವಿಗೆ ಇಳಿಬಿಟ್ಟ ದೀಪದ ನೆನಪಾಗುತ್ತಿತ್ತು ನನಗೆ, ಈಗ ಆರುತ್ತದೆ, ಈಗ ಆರುತ್ತದೆ ಎಂದು.

ಸ್ವಾತಂತ್ರ್ಯ ಬರುತ್ತದೆ ಎಂದು ಎಲ್ಲ ಕಡೆ ಮಾತಾಗುತ್ತಿದ್ದ ದಿನಗಳು. ಅದರ ಜೊತೆಗೆ ಉತ್ತರದ ಕಡೆಯಿಂದ ಬೇರೆ ಸುದ್ದಿಗಳೂ ಬರುತ್ತಿದ್ದವು, ಊರಿಗೆ ಊರೇ ಹೊತ್ತಿಕೊಂಡ ಸುದ್ದಿ. ಮದ್ದೂರಿನಿಂದ ಬಂದವರು ಒಂದು ಹೇಳಿದರೆ ನಮ್ಮ ಜಗಲಿ ತಲುಪುವ ಹೊತ್ತಿಗೆ ಅದು ನಾಲ್ಕಾಗಿರುತ್ತಿತ್ತು. ಒಂದು ದಿನ ಸೋಮನಹಳ್ಳಿಯ ಬೀಗರು, ನಮ್ಮತ್ತೆಯ ಮಾವ, ಬಂದು ಕೂತಿದ್ದರು. ಊರ ಗಂಡಸರೂ ಸೇರಿದ್ದರು. ಮಾತು ಮಳವಳ್ಳಿಯ ಸಾಬರ ಬೀದಿಗೆ ಬಂತು.

"ಆ ಜನವ ನಂಬಾಕಾಯ್ತದಾ?" ಎಂದರು ಬೀಗರು. ಗೂಡಿನ ಕಡೆ ಕೈ ತೋರಿಸಿದರು. "ದೂರ ಯಾಕೆ, ಈ ಮನೇಲೆ ನೋಡ್ರಪ್ಪ. ಉಂಡು, ಉಂಡ ಮನೆ ರಾಗೀನೇ ಇಡ್ಸುಬುಟ್ಟ. ಒಬ್ಬ ಅಂಗಾದ್ಮೇಲೆ ಎಲ್ರೂ ಅಂಗೇಯ."

"ನಮ್ಮೂರ್ಗೆ ಕಾಲಿಕ್ಲಿ ಈ ಸರ್ತಿ" ಎಂದ ಒಬ್ಬ. ಇನ್ನೊಬ್ಬ, ಕಾಲಿಡುವವರೆಗೆ ಕಾಯುವುದೇಕೆ, ಸಂತೆ ದಿನ ನಾವೇ ಹೋಗೋಣ ಎಂದ. ನಾಲ್ಕೈದು ಜನ ಹೌದು ಎಂದರು. ಯಾರೂ ಕೂಗಾಡಲಿಲ್ಲ, ಬಿತ್ತನೆಯ ಮಾತಾಡುವಂತೆ ನಿಧಾನವಾಗಿ, ಯಾರು ಯಾರು ಹೋಗುವುದು ಎಂದು ಮಾತಾಡಿಕೊಂಡರು. ಅಪ್ಪ ನೆಲ ನೋಡುತ್ತಿದ್ದ. ಚಿಕ್ಕಪ್ಪ ಹುಲ್ಲುಕಡ್ಡಿಯನ್ನು ಸಣ್ಣ ಸಣ್ಣದಾಗಿ ಮುರಿಯುತ್ತಿದ್ದ.

ಆಗ ಅಜ್ಜಿ ಬಾಗಿಲು ದಾಟಿ ಬಂದಳು. ಬೀಗರ ಎದುರಿಗೆ ಅವಳು ಹಾಗೆ ಬರುವವಳಲ್ಲ. ಕೈಯಲ್ಲಿ ತವರಿನಿಂದ ತಂದ ಅವಳ ಕಂಚಿನ ತಣಿಗೆಯಿತ್ತು. ಗೂಡಿನ ಹತ್ತಿರ ಹೋಗಿ, ಸಾಬಣ್ಣನವರ ತಣಿಗೆಯ ಪಕ್ಕದಲ್ಲಿ ಅದನ್ನು ಬೋರಲು ಹಾಕಿದಳು.

"ಬೀಗ್ರೆ, ಆ ತಣ್ಗೆ ಮಗುಚ್ದೋಳು ನಾನು. ಸುಳ್ಳು ಮಗುಚ್ದೆ" ಎಂದಳು, ಅದೇ ತಗ್ಗಿದ ದನಿಯಲ್ಲಿ. "ಉಂಡೋನು ಎಲ್ಡು ಬಗೀನಿಲ್ಲ. ಇಕ್ಕಿದೋಳು ಬಗುದ್ಲು."

ಅಪ್ಪ ತಲೆಯೆತ್ತಿದ.

"ಅಂಗಾರೆ ಯೋಳ್ದೋರು ಯಾರವ್ವ?"

ಚಿಕ್ಕಪ್ಪ ಎದ್ದು, ಯಾರ ಕಡೆಯೂ ನೋಡದೆ, ಕೊಟ್ಟಿಗೆಯ ಕಡೆ ನಡೆದ. ಅಪ್ಪ ಅವನ ಬೆನ್ನನ್ನು ನೋಡುತ್ತ ಕೂತ. ಆಮೇಲೆ ಯಾರೂ ಏನನ್ನೂ ಕೇಳಬೇಕಾಗಲಿಲ್ಲ. ಬೀಗರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಹೊತ್ತಾಯಿತು ಎಂದು ಎದ್ದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಸಂತೆಯ ದಿನ ನಮ್ಮೂರಿನಿಂದ ಯಾರೂ ಹೋಗಲಿಲ್ಲ. ಚಿಕ್ಕಪ್ಪ ಆ ವಾರದಲ್ಲೇ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕೂಲಿಗೆಂದು ಹೋದವನು ಹಬ್ಬಕ್ಕೂ ಬರಲಿಲ್ಲ. ಅವನ ತಣಿಗೆಯನ್ನು ಯಾರೂ ಮಗುಚಲಿಲ್ಲ, ಹಲಗೆಯ ಮೇಲೆ ನಿಂತೇ ಇತ್ತು.

ಅಪ್ಪ ಮಳವಳ್ಳಿಗೆ ಹೋಗಿ ಸಾಬಣ್ಣನವರನ್ನು ಕರೆತಂದ. ಏನು ಹೇಳಿ ಕರೆತಂದನೋ ನನಗೆ ಗೊತ್ತಿಲ್ಲ. ಗಾಡಿಯಿಂದ ಇಳಿಯುವಾಗ ಇಬ್ಬರ ಮುಖವೂ ಬಾಡಿತ್ತು. ಸಾಬಣ್ಣ ಸೊರಗಿದ್ದರು. ಗುಂಡಿ ತೋಡಿದರು, ಇದ್ದಲು ಹೊತ್ತಿಸಿದರು, ಬೆಳಗಿನಿಂದ ಮಧ್ಯಾಹ್ನದವರೆಗೆ ಬೆನ್ನು ಎತ್ತದೆ ನಮ್ಮ ಪಾತ್ರೆಗಳನ್ನೆಲ್ಲ ಬೆಳ್ಳಗೆ ಮಾಡಿದರು. ಆ ಬೋಗುಣಿಯನ್ನೂ ಮಾಡಿದರು. ಈ ಸಲ ಅದರಲ್ಲಿ ನನಗೆ ನನ್ನ ಮುಖ ತೋರಿಸಲಿಲ್ಲ. ಊಟದ ಹೊತ್ತಿಗೆ ಅಜ್ಜಿ ಗೂಡಿನಿಂದ ಅವರ ತಣಿಗೆಯನ್ನು ಎತ್ತಿದಳು. ತಾನೇ ತೊಳೆದಳು. ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟು, ಅವರ ಮುಂದೆ ತಂದಿಟ್ಟು ನಿಂತಳು.

"ಉಣ್ಣಪ್ಪ" ಎಂದಳು. ಅಜ್ಜಿ ಯಾರನ್ನೂ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಅದು ಬೇಡಿಕೊಳ್ಳುವ ದನಿಯಾಗಿತ್ತು.

ಸಾಬಣ್ಣ ತಣಿಗೆಯನ್ನು ನೋಡಿದರು. ಚೀಲದಿಂದ ಬಟ್ಟೆಯಲ್ಲಿ ಕಟ್ಟಿದ್ದ ರೊಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಂಗೆ ಕ್ವಾಪ ಇಲ್ಲ ದೊಡ್ಡವ್ವ. ಕರುದ್ರೆ ಬತ್ತೀನಿ, ಕೆಲ್ಸ ಮಾಡ್ತೀನಿ, ನೀರು ಕುಡೀತೀನಿ. ಇಟ್ಟು ಮಾತ್ರ ಬ್ಯಾಡ. ನಾಳೀಕೆ ಇನ್ನೊಂದು ಏನಾರ ಆದ್ರೆ ಮತ್ತೆ ನನ್ ಮ್ಯಾಲೇ ಬತ್ತದೆ. ಉಣ್ದೋನ್ಗೆ ಆ ಮಾತಿಲ್ವಲ್ಲ. ಉಣ್ದೇ ಇದ್ಬುಡ್ತೀನಿ, ಮಕ್ಳೊಂದಿಗ ನಾನು."

ಅವರು ಬಾಳೆಯೆಲೆಯ ತುಂಡೊಂದನ್ನು ನನ್ನಿಂದ ಕೇಳಿ ಪಡೆದು, ಮುದ್ದೆಯನ್ನೂ ಸಾರನ್ನೂ ಅದರ ಮೇಲೆ ಮೆಲ್ಲನೆ ಬಗ್ಗಿಸಿದರು. ತಣಿಗೆಯನ್ನು ಬೂದಿ ಹಾಕಿ ಉಜ್ಜಿ, ಒರೆಸಿ, ಗೂಡಿನಲ್ಲಿ ಇಡದೆ ತಮ್ಮ ಚೀಲಕ್ಕೆ ಹಾಕಿಕೊಂಡರು. ಅದು ಅವರದೇ ತಣಿಗೆ. ಯಾರೂ ಬೇಡವೆನ್ನುವಂತಿರಲಿಲ್ಲ.

ಗಾಡಿ ಬೀದಿ ತಿರುಗಿದ ಮೇಲೆ ಅಜ್ಜಿ ಜಗಲಿಯ ಅಂಚಿನಲ್ಲಿ, ಅವರು ಕೂತಿದ್ದ ಜಾಗದಲ್ಲೇ ಕೂತಳು. ಇನ್ನೊಬ್ಬರ ತಣಿಗೆಯ ಅಗುಳನ್ನು ಜನ್ಮದಲ್ಲಿ ಮುಟ್ಟದವಳು, ಆ ಎಲೆಯನ್ನು ಮುಂದಕ್ಕೆ ಎಳೆದುಕೊಂಡು, ಆರಿಹೋದ ಸಾರಿನಲ್ಲಿ ಮುದ್ದೆಯನ್ನು ಮುರಿದು ಅದ್ದಿ, ಬೀದಿಯವರೆಲ್ಲ ನೋಡುತ್ತಿರುವಂತೆ ಪೂರ್ತಿ ಉಂಡಳು. ಅಂದಿನಿಂದ ಸಾಯುವವರೆಗೂ ಅವಳು ಎಲೆಯ ಮೇಲೇ ಉಂಡಳು. ಗೂಡಿನಲ್ಲಿ ಅವಳ ತಣಿಗೆಯೊಂದೇ ಬೋರಲಾಗಿ ಉಳಿಯಿತು.